ಕೊಂಚಾ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಮೊದಲ ಸಲ ಮನೆಯಲ್ಲಿ ಕೊಂಚಾ ಮಾಡಿದ ದಿನ, ಓವನ್‌ನಿಂದ ಟ್ರೇ ತೆಗೆದು ಒಂದನ್ನು ಎತ್ತಿದೆ. ಮೇಲಿನ ಸಕ್ಕರೆ ಚಿಪ್ಪು ಮಾತ್ರ ಕೈಗೆ ಬಂತು. ಬನ್ ಟ್ರೇಯಲ್ಲೇ ಕೂತಿತ್ತು. ಅದರ ನೆತ್ತಿಯ ಮೇಲೆ ಒಣ ಮೈದಾದ ತೆಳು ಬಿಳಿ ಪುಡಿ ಕಾಣುತ್ತಿತ್ತು. ಚಿಪ್ಪಿನ ಅಳತೆ ತಪ್ಪಿದೆ ಅಂತ ಅಂದುಕೊಂಡೆ. ಮುಂದಿನ ಸಲ ಸಕ್ಕರೆ ಕಡಿಮೆ ಮಾಡಿದೆ. ಅದರ ಮುಂದಿನ ಸಲ ಕೊಬ್ಬು ಜಾಸ್ತಿ ಮಾಡಿದೆ. ಆಮೇಲೆ ಮೈದಾ. ಪ್ರತಿ ಸಲವೂ ಚಿಪ್ಪು ಕಳಚಿತು. ಕಾರಣ ಮೊದಲ ದಿನವೇ ಕಣ್ಣೆದುರು ಇತ್ತು, ಆ ಬಿಳಿ ಪುಡಿ.

ಕೊಂಚಾ ಗೊತ್ತಿಲ್ಲದವರಿಗೆ ಎರಡು ಮಾತು. ಮೆಕ್ಸಿಕೊದಲ್ಲಿ ಸಿಹಿ ಬನ್ನುಗಳಿಗೆಲ್ಲ ಸೇರಿ ಪಾನ್ ದುಲ್ಸೆ ಅಂತಾರೆ. ಅದರಲ್ಲಿ ಎಲ್ಲರಿಗೂ ಗುರುತಿರುವುದು ಕೊಂಚಾ. ಸ್ಪ್ಯಾನಿಷ್‌ನಲ್ಲಿ ಕೊಂಚಾ ಅಂದರೆ ಚಿಪ್ಪು. ನಮ್ಮ 'ಕೊಂಚ'ಕ್ಕೂ ಇದಕ್ಕೂ ಸಂಬಂಧ ಇಲ್ಲ. ಗೋಧಿಯನ್ನು ಆ ನಾಡಿಗೆ ತಂದವರು 16ನೇ ಶತಮಾನದಲ್ಲಿ ಬಂದ ಸ್ಪೇನಿನವರು. ಬೆಣ್ಣೆ, ಮೊಟ್ಟೆ ಹಾಕಿ ನಾದುವ ಮೆತ್ತನೆಯ ಹಿಟ್ಟಿನಲ್ಲಿ ಫ್ರೆಂಚ್ ಬೇಕರಿಗಳ ಕೈವಾಡವೂ ಇದೆ. ಬನ್ನಿನ ಮೇಲೆ ಮೈದಾ, ಸಕ್ಕರೆ, ಕೊಬ್ಬು ಕಲಸಿದ ಒಂದು ಬಿಲ್ಲೆ ಹೊದಿಸಿ, ಚಿಪ್ಪಿನ ಹಾಗೆ ಬಾಗಿದ ಗೆರೆ ಹಾಕಿ ಬೇಯಿಸುತ್ತಾರೆ. ವೆನಿಲ್ಲಾದ ಬಿಳಿ, ಚಾಕೊಲೇಟಿನ ಕಂದು, ಮತ್ತೆ ಗುಲಾಬಿ ಬಣ್ಣದ್ದು ಎಲ್ಲ ಕಡೆ ಸಿಗುತ್ತವೆ.

ಅಂದರೆ ಇಲ್ಲಿರುವುದು ಎರಡು ಹಿಟ್ಟು. ಕೆಳಗಿನದು ಯೀಸ್ಟ್ ಇರುವ ಬನ್ನಿನ ಹಿಟ್ಟು, ಅದು ಬೆಳೆಯುತ್ತದೆ. ಮೇಲಿನದು ನಾನ್‌ಖಟಾಯಿ ಹಿಟ್ಟಿನ ಥರದ್ದು, ಅದು ಬೆಳೆಯುವುದಿಲ್ಲ. ಬೆಳೆಯುವುದರ ಮೇಲೆ ಬೆಳೆಯದ್ದು ಕೂತಿದೆ, ಎರಡೂ ಒಟ್ಟಿಗೆ ಹೋಗಬೇಕು. ಕೊಂಚಾದ ತೊಂದರೆಗಳೆಲ್ಲ ಹೆಚ್ಚುಕಡಿಮೆ ಈ ಜಾಗದಲ್ಲೇ ಹುಟ್ಟುತ್ತವೆ. ಕೆಟ್ಟದ್ದು ಕಾಣುವುದು ಚಿಪ್ಪಿನಲ್ಲಿ, ತಪ್ಪು ಇರುವುದು ಬಹಳ ಸಲ ಬನ್ನಿನಲ್ಲಿ. ಅದಕ್ಕೇ ಚಿಪ್ಪಿನ ಅಳತೆಗೆ ಕೈ ಹಾಕುವ ಮೊದಲು ಸ್ವಲ್ಪ ನಿಂತು ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಕೆಟ್ಟ ಕೊಂಚಾವನ್ನು ಬಿಸಾಡಬೇಡಿ, ಬಿಚ್ಚಿ ನೋಡಿ

ಮೊದಲು ತಿರುಗಿಸಿ ತಳ ನೋಡಿ. ತಳ ಚಿನ್ನದ ಬಣ್ಣಕ್ಕೆ ಬಂದಿರಬೇಕು. ಬೆಳ್ಳಗಿದ್ದರೆ ಓವನ್ ಕಾದಿಲ್ಲ. ಕಪ್ಪಗಿದ್ದರೆ ಕೆಳಗಿನ ಶಾಖ ಜಾಸ್ತಿ.

ಆಮೇಲೆ ಚಿಪ್ಪಿನ ಒಂದು ತುಂಡು ಎಬ್ಬಿಸಿ ಅದರ ಒಳಮೈ ನೋಡಿ. ಬನ್ನಿನ ಎಳೆ ಅಂಟಿಕೊಂಡು ಬಂದರೆ ಹಿಡಿತ ಚೆನ್ನಾಗಿದೆ ಅಂತ ಅರ್ಥ. ನುಣ್ಣಗೆ, ಕಾಗದ ಬಿಡಿಸಿದ ಹಾಗೆ ಬಂದರೆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಇಲ್ಲ.

ಕೊನೆಗೆ ಬನ್ನನ್ನು ಕೈಯಿಂದ ಎರಡು ಹೋಳು ಮಾಡಿ. ಚಾಕು ಬೇಡ, ಚಾಕು ತೂತುಗಳನ್ನು ಮುಚ್ಚಿಬಿಡುತ್ತದೆ. ನಾರು ನಾರಾಗಿ ಬಿಟ್ಟುಕೊಂಡರೆ ನಾದಿದ್ದು ಸರಿಯಾಗಿದೆ. ಪುಡಿ ಪುಡಿಯಾದರೆ ನಾದಿದ್ದು ಸಾಲದು. ತಳದ ಹತ್ತಿರ ಅಂಟು ಅಂಟಾದ ಪಟ್ಟಿ ಇದ್ದರೆ ಸರಿಯಾಗಿ ಉಬ್ಬಿಲ್ಲ, ಇಲ್ಲವೇ ಬೆಂದಿಲ್ಲ. ಚಿಪ್ಪಿನ ಕೆಳಗೇ ದೊಡ್ಡ ಪೊಳ್ಳು ಇದ್ದರೆ ಬನ್ ಅತಿಯಾಗಿ ಉಬ್ಬಿ ಓವನ್‌ನಲ್ಲಿ ಕುಸಿದಿದೆ.

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ? ನಾನು ಇಟ್ಟುಕೊಂಡಿರುವುದು ಇದು. 500 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು, 2 ಮೊಟ್ಟೆ, ಸುಮಾರು 180 ಮಿಲಿ ಹಾಲು, 100 ಗ್ರಾಂ ಬೆಣ್ಣೆ, ಸ್ವಲ್ಪ ವೆನಿಲ್ಲಾ. ಉಪ್ಪು ಹಾಕಿದ ಬೆಣ್ಣೆಯಾದರೆ ಉಪ್ಪನ್ನು 2 ಗ್ರಾಂ ಕಡಿಮೆ ಮಾಡಿ. 80 ಗ್ರಾಮಿನ 12 ಉಂಡೆ ಆಗುತ್ತವೆ. ಚಿಪ್ಪಿಗೆ ಮೈದಾ, ಪುಡಿ ಸಕ್ಕರೆ, ವನಸ್ಪತಿ ತಲಾ 100 ಗ್ರಾಂ, ತೂಕದಲ್ಲಿ ಮೂರೂ ಸಮ. ಒಂದೊಂದು ಬನ್ನಿಗೆ 25 ಗ್ರಾಂ. ಓವನ್ 180 ಡಿಗ್ರಿ, 18ರಿಂದ 20 ನಿಮಿಷ.

ಚಿಪ್ಪು ಕಳಚಿ ಬರುತ್ತಿದ್ದರೆ

ಮೆಕ್ಸಿಕೊ ಸಿಟಿಯಲ್ಲಿ ಇದ್ದಾಗ ನಮ್ಮ ಬೀದಿಯ ತುದಿಯಲ್ಲೇ ಒಂದು ಪನಾದೆರಿಯಾ ಇತ್ತು, ಅಂದರೆ ಬೇಕರಿ. ಒಳಗೆ ಹೋದ ಕೂಡಲೇ ಒಂದು ತಟ್ಟೆ, ಒಂದು ಇಕ್ಕಳ ತಗೊಂಡು ಬೇಕಾದ್ದನ್ನು ನಾವೇ ಆರಿಸಿ ಇಟ್ಟುಕೊಳ್ಳಬೇಕು. ಒಂದು ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ವಯಸ್ಸಾದ ಒಬ್ಬ ಹೆಂಗಸು ಕೊಂಚಾ ಮಾಡುತ್ತಿದ್ದರು. ನನ್ನ ಕಷ್ಟ ಹೇಳಿಕೊಂಡೆ. "ಮಿಹಾ, ಇಲ್ಲಿ ನೋಡು" ಅಂದರು. ಮಿಹಾ ಅಂದರೆ ಮಗಳೇ.

ಅವರು ಎರಡೂ ಅಂಗೈಗೆ ಕೊಬ್ಬು ಸವರಿಕೊಂಡರು. ಉಂಡೆಯ ನೆತ್ತಿಯನ್ನು ಆ ಅಂಗೈಯಿಂದಲೇ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿದರು. ಉಂಡೆ ಹೊಳೆಯಿತು. ಆಮೇಲೆ ಚಿಪ್ಪಿನ ಹಿಟ್ಟಿನ ಒಂದು ಗೋಲಿ ತಗೊಂಡು, ಅಂಗೈಯಿಂದ ಅಂಗೈಗೆ ಬದಲಿಸುತ್ತಾ ನಾವು ವಡೆ ತಟ್ಟುವ ಹಾಗೆ ತಟ್ಟಿದರು. ಬಿಲ್ಲೆಯನ್ನು ಉಂಡೆಯ ಮೇಲಿಟ್ಟು ಅಂಗೈಯ ಗುಳಿಯಿಂದ ಒಮ್ಮೆ ಒತ್ತಿದರು. ಅಂಚು ಕೆಳಕ್ಕೆ ಬಾಗಿ ಬನ್ನನ್ನು ತಬ್ಬಿಕೊಂಡಿತು. ಇಷ್ಟೂ ಕೆಲಸದಲ್ಲಿ ಒಣ ಮೈದಾ ಒಂದು ಚಿಟಿಕೆಯೂ ಇಲ್ಲ.

ನಾನೋ ಉಂಡೆ ಕಟ್ಟುವಾಗ ಮಣೆಯ ಮೇಲೆ ಧಾರಾಳವಾಗಿ ಮೈದಾ ಉದುರಿಸುತ್ತಿದ್ದೆ. ಉಂಡೆಗಳನ್ನು ಹಾಗೇ ಫ್ಯಾನ್ ಕೆಳಗೆ ಬಿಟ್ಟು ಚಿಪ್ಪು ತಟ್ಟಲು ಕೂರುತ್ತಿದ್ದೆ. ಅಷ್ಟರಲ್ಲಿ ಉಂಡೆಯ ಮೇಲೆ ಒಣ ಚರ್ಮ ಕಟ್ಟುತ್ತಿತ್ತು. ಪುಡಿಯೂ ಇದೆ, ಚರ್ಮವೂ ಇದೆ ಅಂದರೆ ಚಿಪ್ಪು ಯಾವುದಕ್ಕೆ ಅಂಟಿಕೊಳ್ಳಬೇಕು?

ಆದ್ದರಿಂದ ಮೊದಲು ಮಾಡಬೇಕಾದ್ದು ಇದು: ಉಂಡೆ ಕಟ್ಟುವಾಗ ಮೈದಾ ಉದುರಿಸಬೇಡಿ. ಹಿಟ್ಟು ಅಂಟಿದರೆ ಕೈಗೆ ಒಂದಿಷ್ಟು ವನಸ್ಪತಿ ಸವರಿಕೊಳ್ಳಿ. ಉಂಡೆಗಳ ಮೇಲೆ ಒದ್ದೆ ಬಟ್ಟೆ ಹಿಂಡಿ ಮುಚ್ಚಿ. ಚಿಪ್ಪಿನ ಬಿಲ್ಲೆಗಳನ್ನು ಮೊದಲೇ ತಟ್ಟಿ ಇಟ್ಟುಕೊಂಡರೆ ಉಂಡೆ ಕಾಯುವ ಹೊತ್ತೂ ಉಳಿಯುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿದರೆ ಸುಲಭ, ಒಬ್ಬಟ್ಟು ತಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಸುಮಾರು 8 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಇರಲಿ.

ಇಷ್ಟಾದರೂ ಕಳಚಿದರೆ ಬನ್ ಮುರಿದು ನೋಡಿ. ಚಿಪ್ಪಿನ ಕೆಳಗೆ ಪೊಳ್ಳು ಇದ್ದರೆ ಉಬ್ಬುವ ಹೊತ್ತನ್ನು ಕಡಿಮೆ ಮಾಡಿ. ಪೊಳ್ಳೂ ಇಲ್ಲ ಅಂದಾಗ ಮಾತ್ರ ಚಿಪ್ಪಿನ ಹಿಟ್ಟಿನ ಕಡೆ ಬನ್ನಿ. 25 ಗ್ರಾಮಿನ ಗೋಲಿಯನ್ನು ಅಂಗೈಯಲ್ಲಿ ಒತ್ತಿ. ಅಂಚು ಬಿರಿದರೆ ಹಿಟ್ಟು ಒಣಗಿದೆ, ಒಂದು ಚಮಚ ಕೊಬ್ಬು ಸೇರಿಸಿ. ಜಿಡ್ಡು ಜಿಡ್ಡಾಗಿ ಅಂಗೈಗೆ ಮೆತ್ತಿಕೊಂಡರೆ ಒಂದು ಚಮಚ ಮೈದಾ ಸೇರಿಸಿ. ಅಂಚು ಬಿರಿಯದೆ, ಅಂಗೈ ಬಿಟ್ಟು ಸಲೀಸಾಗಿ ಎದ್ದು ಬಂದರೆ ಸರಿ.

ಚಿಪ್ಪು ಕರಗಿ ಟ್ರೇಗೆ ಇಳಿಯುತ್ತಿದ್ದರೆ

ಬನ್ನಿನ ಸುತ್ತ ಲಂಗದ ಅಂಚಿನ ಹಾಗೆ ಗರಿಗರಿ ಪಟ್ಟಿ, ನೆತ್ತಿಯ ಮೇಲೆ ಏನೂ ಉಳಿದಿಲ್ಲ. ಇದು ಬೆಣ್ಣೆ ಬಳಸಿದವರಿಗೆ ಬರುವ ತೊಂದರೆ. ಬೆಣ್ಣೆಯ ರುಚಿ ದೊಡ್ಡದು, ಒಪ್ಪುತ್ತೇನೆ. ಆದರೆ ಅದು 32ರಿಂದ 35 ಡಿಗ್ರಿಗೆಲ್ಲ ಕರಗುತ್ತದೆ, ಒಳಗೆ ನೀರಿನಂಶವೂ ಇದೆ. ಮೆಕ್ಸಿಕೊದಲ್ಲಿ ಚಿಪ್ಪಿಗೆ ಮಾಂತೆಕಾ ವೆಹೆತಾಲ್ ಹಾಕುವುದು ರೂಢಿ. ಅದು ಗಟ್ಟಿಮಾಡಿದ ಸಸ್ಯಜನ್ಯ ಎಣ್ಣೆ, ನಾವು ಡಾಲ್ಡಾ ಅನ್ನುತ್ತೀವಲ್ಲ, ಆ ಜಾತಿಯದ್ದು. ನೀರಿಲ್ಲ, ಬಿಸಿಗೆ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ. ಅಷ್ಟರಲ್ಲಿ ಕೆಳಗಿನ ಬನ್ ಗಟ್ಟಿಯಾಗಿ ಚಿಪ್ಪನ್ನು ಹೊತ್ತುಕೊಳ್ಳುತ್ತದೆ. ಬೆಣ್ಣೆಯ ರುಚಿ ಬೇಕೇ ಬೇಕು ಅಂದರೆ ಅರ್ಧ ಬೆಣ್ಣೆ, ಅರ್ಧ ವನಸ್ಪತಿ ಹಾಕಿ, ಮೈದಾ 10 ಗ್ರಾಂ ಜಾಸ್ತಿ ಮಾಡಿ. ಆ ರುಚಿ ಬೇಕೆನಿಸಿದಾಗ ನಾನೂ ಹಾಗೇ ಮಾಡುತ್ತೇನೆ.

ಸಕ್ಕರೆಯನ್ನೂ ನೋಡಿ. ಕಾಳು ಸಕ್ಕರೆ ಹಾಕಿದರೆ ಕರಗಿ ಪಾಕವಾಗಿ ಹರಿಯುತ್ತದೆ, ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಪುಡಿ ಸಕ್ಕರೆ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಆಗಿಂದಾಗ್ಗೆ ಪುಡಿ ಮಾಡಿಕೊಳ್ಳುವುದೇ ಒಳ್ಳೆಯದು.

ಮೂರನೆಯದು ಜಾಗದ ಬಿಸಿ. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳ ಅಡುಗೆಮನೆ ಅಂದರೆ ಓವನ್‌ಗೆ ಹೋಗುವ ಮೊದಲೇ ಚಿಪ್ಪು ಬೆವರಲು ಶುರು. ತಟ್ಟಿದ ಬಿಲ್ಲೆಗಳನ್ನು 10 ನಿಮಿಷ ಫ್ರಿಜ್‌ನಲ್ಲಿಟ್ಟು ಬಳಸಿ. ಬನ್ನುಗಳನ್ನು ಉಬ್ಬಲು ಇಡುವ ಜಾಗ 30 ಡಿಗ್ರಿ ದಾಟದಿರಲಿ. ಬೇಗ ಉಬ್ಬಲಿ ಅಂತ ಬಿಸಿ ನೀರಿನ ಪಾತ್ರೆ ಪಕ್ಕದಲ್ಲಿಟ್ಟು ಓವನ್ ಬಾಗಿಲು ಹಾಕುವವರು ಇದ್ದಾರೆ. ಮಾಮೂಲಿ ಬನ್ನಿಗೆ ಅದು ಸರಿ, ಕೊಂಚಾಗೆ ಬೇಡ.

ಓವನ್ ಕಾಯುವ ಮೊದಲೇ ಟ್ರೇ ಒಳಗೆ ಹಾಕಿದರೂ ಇದೇ ಗತಿ. ಬನ್ ಗಟ್ಟಿಯಾಗುವ ಮೊದಲು ಕೊಬ್ಬು ಕರಗಿ ಜಾರುತ್ತದೆ. 15 ನಿಮಿಷ ಮೊದಲೇ ಹಚ್ಚಿ. ಮನೆಯ ಓಟಿಜಿಯ, ಅಂದರೆ ಸಣ್ಣ ಎಲೆಕ್ಟ್ರಿಕ್ ಓವನ್‌ನ, ಗುಂಡಿ ತೋರಿಸುವ ಡಿಗ್ರಿಯೇ ಒಳಗಿರುತ್ತದೆ ಅಂತ ನಂಬಬೇಡಿ. ಒಳಗೆ ನೇತು ಹಾಕುವ ಸಣ್ಣ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ.

ಗೆರೆ ಮುಚ್ಚಿಹೋದರೆ, ಅಥವಾ ಕೆರೆಯ ತಳದಂತೆ ಬಿರಿದರೆ

ಮೆಕ್ಸಿಕೊದಲ್ಲಿ ಗೆರೆ ಹಾಕಲು ಮಾರ್ಕಾದೋರ್ ಅನ್ನುವ ಅಚ್ಚು ಸಿಗುತ್ತದೆ, ಬಾಗಿದ ಅಲಗುಗಳಿರುವ ಮುದ್ರೆ. ಇಲ್ಲದಿದ್ದರೆ ಮೊಂಡು ಚಾಕು ಸಾಕು. ಅದಕ್ಕಿಂತ ಮುಖ್ಯ ಯಾವಾಗ ಹಾಕುತ್ತೀರಿ, ಎಷ್ಟು ಆಳ ಹಾಕುತ್ತೀರಿ ಅನ್ನುವುದು. ಚಿಪ್ಪು ಹೊದಿಸಿದ ಕೂಡಲೇ, ಬನ್ ಉಬ್ಬುವ ಮೊದಲು ಹಾಕಿ. ಅಲಗು ಚಿಪ್ಪನ್ನು ಪೂರ್ತಿ ಸೀಳಬೇಕು, ಬನ್ನಿಗೆ ತಾಕಿತು ಅನ್ನುವಷ್ಟರಲ್ಲಿ ನಿಲ್ಲಬೇಕು.

ಆಮೇಲೆ ಬನ್ ಉಬ್ಬುತ್ತಾ ಹೋದಂತೆ ಗೆರೆಗಳು ತಾವೇ ಬಿಟ್ಟುಕೊಳ್ಳುತ್ತವೆ. ಗೆರೆ ಒಂದು ಅಕ್ಕಿಕಾಳಿನಷ್ಟು ಅಗಲವಾಗಿ, ಸಂದಿಯಲ್ಲಿ ಹಿಟ್ಟು ಇಣುಕಿದರೆ ನಾನು ಓವನ್ ಕಡೆ ನೋಡುತ್ತೇನೆ. ಇದನ್ನು ನೋಡಲು ನನಗೆ ಈಗಲೂ ತುಂಬಾ ಇಷ್ಟ. ಮುಚ್ಚಿದ್ದ ಚಿಪ್ಪು ಕಣ್ಣೆದುರೇ ತೆರೆಯುತ್ತದೆ.

ಗೆರೆ ಮೇಲೆ ಮೇಲೆ ಹಾಕಿದ್ದರೆ ಬನ್ ಬೆಳೆಯುವಾಗ ಚಿಪ್ಪು ತನಗೆ ತೋಚಿದ ಕಡೆ ಬಿರಿಯುತ್ತದೆ. ಉಬ್ಬಿದ ಮೇಲೆ ಹಾಕಿದರೆ ಬನ್ನಿನ ಗಾಳಿ ಹೋಗಿ ಕುಸಿಯುತ್ತದೆ. ಚಾಕೊಲೇಟ್ ಕೊಂಚಾ ಮಾತ್ರ ಬಿರಿಯುತ್ತಿದ್ದರೆ ಕೋಕೋ ಪುಡಿಯನ್ನು ಮೈದಾದ ಜೊತೆ ಹೆಚ್ಚುವರಿಯಾಗಿ ಹಾಕಿರುತ್ತೀರಿ. ಕೋಕೋ ಜಿಡ್ಡನ್ನು ಹೀರುತ್ತದೆ. 15 ಗ್ರಾಂ ಕೋಕೋ ಹಾಕಿದರೆ 15 ಗ್ರಾಂ ಮೈದಾ ತೆಗೆಯಿರಿ.

ಬನ್ ಚಪ್ಪಟೆ, ಅಥವಾ ಕಲ್ಲು

ಇವೆರಡೂ ಬೇರೆ ಬೇರೆ ಕಾಯಿಲೆ.

ಚಪ್ಪಟೆಯಾಗಿ ಅಗಲಕ್ಕೆ ಹರಡಿದರೆ ಹಿಟ್ಟಿಗೆ ಬಲ ಬಂದಿಲ್ಲ, ಇಲ್ಲವೇ ಉಬ್ಬಿದ್ದು ಜಾಸ್ತಿಯಾಗಿದೆ. ನಮ್ಮಲ್ಲಿ ಸಿಗುವ ಮೈದಾದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿ ಇರುತ್ತದೆ, ಪ್ಯಾಕೆಟ್ ಹಿಂದೆ ನೋಡಿ. ಹೆಚ್ಚು ಇರುವುದನ್ನೇ ಆರಿಸಿ. ಹಾಲನ್ನು ಒಟ್ಟಿಗೆ ಸುರಿಯದೆ ಕೊನೆಯ 30 ಮಿಲಿ ಕೈಯಲ್ಲಿಟ್ಟುಕೊಂಡು, ಬೇಕಾದರೆ ಮಾತ್ರ ಸೇರಿಸಿ. ಬೆಣ್ಣೆಯನ್ನು ಮೊದಲೇ ಹಾಕಬೇಡಿ. ಜಿಡ್ಡು ಮೊದಲೇ ಸೇರಿದರೆ ಹಿಟ್ಟಿನಲ್ಲಿ ಎಳೆ ಕಟ್ಟಲು ಕಷ್ಟ. 10 ನಿಮಿಷ ನಾದಿ, ಹಿಟ್ಟು ನುಣುಪಾದ ಮೇಲೆ ಬೆಣ್ಣೆಯನ್ನು ನಾಲ್ಕು ಸಲವಾಗಿ ಸೇರಿಸಿ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಹರಿದು ಗೊಜ್ಜಾದಂತೆ ಕಾಣುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ, ನಾದುತ್ತಲೇ ಇರಿ, ಮತ್ತೆ ಕೂಡಿಕೊಳ್ಳುತ್ತದೆ. ಕೈಯಲ್ಲಾದರೆ ಒಟ್ಟು 20 ನಿಮಿಷ ಬೇಕು. ಒಂದು ಚೂರನ್ನು ಹೋಳಿಗೆಯ ಕಣಕದ ಹಾಗೆ ಎಳೆದು ನೋಡಿ. ಹರಿಯದೆ, ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗಾದರೆ ಆಯಿತು.

ಕಲ್ಲಿನಂತೆ ಗಟ್ಟಿಯಾದರೆ ಯೀಸ್ಟ್ ಕಡೆ ನೋಡಿ. ಹಾಲು ಎಷ್ಟು ಬಿಸಿ ಇತ್ತು? ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಅಷ್ಟೇ. ಸುಡುವ ಹಾಲು ಯೀಸ್ಟನ್ನು ಕೊಲ್ಲುತ್ತದೆ. ಈ ಹಿಟ್ಟಿನಲ್ಲಿ ಮೈದಾದ ಐದನೇ ಒಂದು ಪಾಲು ಸಕ್ಕರೆ ಇದೆ. ಸಕ್ಕರೆ ನೀರನ್ನು ಎಳೆದುಕೊಳ್ಳುವುದರಿಂದ ಯೀಸ್ಟ್ ನಿಧಾನವಾಗುತ್ತದೆ. ಮಾಮೂಲಿ ಬ್ರೆಡ್ 1 ಗಂಟೆಯಲ್ಲಿ ಉಬ್ಬಿದರೆ ಇದಕ್ಕೆ 2 ಗಂಟೆ ಬೇಕಾಗಬಹುದು. ಸಿಹಿ ಹಿಟ್ಟಿಗೆಂದೇ ಬರುವ ಯೀಸ್ಟ್ ಸಿಕ್ಕರೆ ಅದನ್ನೇ ತನ್ನಿ. ಮತ್ತೆ, ಘಮ ಬರಲಿ ಅಂತ ಚಕ್ಕೆ ಪುಡಿಯನ್ನು ಬನ್ನಿನ ಹಿಟ್ಟಿಗೆ ಧಾರಾಳವಾಗಿ ಹಾಕಿದ್ದೀರಾ? ಚಕ್ಕೆ ಯೀಸ್ಟಿನ ಕೈ ಕಟ್ಟುತ್ತದೆ. ಅದನ್ನು ಚಿಪ್ಪಿಗೆ ಹಾಕಿ.

ಇಲ್ಲಿ ಊರಿನ ಮಾತೂ ಬರುತ್ತದೆ. ಮೆಕ್ಸಿಕೊ ಸಿಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಿಟ್ಟಿನೊಳಗಿನ ಗಾಳಿಗುಳ್ಳೆ ಬೇಗ ಹಿಗ್ಗುತ್ತದೆ. ಗಾಳಿಯೂ ಒಣಗಿರುತ್ತದೆ, ಹಿಟ್ಟು ಹೆಚ್ಚು ಹಾಲು ಕೇಳುತ್ತದೆ. ಅಲ್ಲಿ ಬರೆದಿಟ್ಟುಕೊಂಡ ಅಳತೆ, ಹೊತ್ತು ಎರಡನ್ನೂ ನಾನು ಬೆಂಗಳೂರಿನಲ್ಲಿ ಹಾಗೇ ಬಳಸಿ, ಹಿಟ್ಟು ಕೈಗೆ ಮೆತ್ತಿಕೊಂಡು ಒದ್ದಾಡಿದ್ದೇನೆ. ಗಡಿಯಾರ ಬಿಡಿ, ಬೆರಳು ಇಡಿ. ನೆತ್ತಿಯ ಮೇಲೆ ಚಿಪ್ಪು ಇರುವುದರಿಂದ ಬನ್ನಿನ ಪಕ್ಕ, ತಳದ ಹತ್ತಿರ ಒತ್ತಬೇಕು. ಗುಳಿ ತಟ್ಟನೆ ಮೇಲೆ ಬಂದರೆ ಇನ್ನೂ ಕಾಯಿರಿ. ನಿಧಾನವಾಗಿ ಅರ್ಧ ತುಂಬಿದರೆ ಓವನ್‌ಗೆ ಹಾಕಿ. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ.

ಯಾವುದು ತಪ್ಪು ಅಂತ ತಿಳಿಯದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. 12 ಬನ್ ಇವೆಯಲ್ಲ, ಒಂದೇ ಟ್ರೇಯಲ್ಲಿ ನಾಲ್ಕಕ್ಕೆ ಕೊಬ್ಬು ಸವರಿ ಚಿಪ್ಪು ಹಾಕಿ, ನಾಲ್ಕಕ್ಕೆ ಸವರದೆ ಹಾಕಿ, ನಾಲ್ಕಕ್ಕೆ ಒದ್ದೆ ಬೆರಳು ಸವರಿ ಹಾಕಿ. ಒಂದೇ ಸಂಜೆಯಲ್ಲಿ ಉತ್ತರ ಸಿಗುತ್ತದೆ.

ಬಣ್ಣ, ಮೊಟ್ಟೆ, ಕೊಬ್ಬು

ಬೀಟ್‌ರೂಟ್ ಹಾಕಿದ ಗುಲಾಬಿ ಚಿಪ್ಪು ಓವನ್ ಬಿಸಿಗೆ ಕಂದಾಗುತ್ತದೆ. ಬಿಸಿ ತಡೆಯುವ ಜೆಲ್ ಬಣ್ಣವೇ ಬೇಕು. ಬಿಳಿ ಚಿಪ್ಪು ಕಂದಾಗುತ್ತಿದ್ದರೆ ಮೇಲಿನ ಕಾಯಿಲ್ ಆಫ್ ಮಾಡಿ, ಟ್ರೇಯನ್ನು ಒಂದು ಮೆಟ್ಟಿಲು ಕೆಳಗಿಡಿ. ತಳ ಕಪ್ಪಾಗುತ್ತಿದ್ದರೆ ಎರಡು ಟ್ರೇ ಒಂದರ ಮೇಲೊಂದು ಇಡಿ.

ಕೊಂಚಾದಲ್ಲಿ ಮೊಟ್ಟೆ ಇರುತ್ತದೆ. ಕೆಲವು ಬೇಕರಿಗಳಲ್ಲಿ ಹಂದಿ ಕೊಬ್ಬೂ ಇರುತ್ತದೆ, ಮಾಂತೆಕಾ ದೆ ಸೆರ್ದೊ ಅಂತ ಅದರ ಹೆಸರು. ಮೆಕ್ಸಿಕೊದಲ್ಲೋ ಅಮೆರಿಕದಲ್ಲೋ ಇರುವ ಸಸ್ಯಾಹಾರಿಗಳು ಕೊಳ್ಳುವ ಮೊದಲು ಕೇಳಿಬಿಡಿ, ಅವರೇನೂ ತಪ್ಪು ತಿಳಿಯುವುದಿಲ್ಲ. ಮನೆಯಲ್ಲಿ ಮೊಟ್ಟೆ ಬಿಟ್ಟು ಮಾಡುವುದಾದರೆ 2 ಮೊಟ್ಟೆಯ ಬದಲು 60 ಗ್ರಾಂ ಮೊಸರು, 40 ಮಿಲಿ ಹಾಲು ಹಾಕಿ. ಬನ್ ಸ್ವಲ್ಪ ತಗ್ಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ರುಚಿ ಚೆನ್ನಾಗಿಯೇ ಇರುತ್ತದೆ.

ಮರುದಿನ ಒಣಗಿದರೆ

ಬಹಳ ಸಲ ಇದು ಜಾಸ್ತಿ ಬೇಯಿಸಿದ್ದರಿಂದ. ಬಿಸಿ ಇರುವಾಗ ಚಿಪ್ಪು ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿಯಾಗುತ್ತದೆ. ಅದು ಗೊತ್ತಿಲ್ಲದೆ ಚಿಪ್ಪು ಗಟ್ಟಿಯಾಗಲಿ ಅಂತ ಇನ್ನೂ ಐದು ನಿಮಿಷ ಬಿಡುತ್ತೇವೆ. ಅಷ್ಟರಲ್ಲಿ ಬನ್ ಒಣಗಿರುತ್ತದೆ. ಬನ್ನಿನ ನಡುವೆ 88ರಿಂದ 90 ಡಿಗ್ರಿ ಬಂದರೆ ತೆಗೆದುಬಿಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಹಬೆಗೆ ಚಿಪ್ಪು ಅಂಟಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿ ಇನ್ನೂ ಬೇಗ ಗಡುಸಾಗುತ್ತದೆ.

ಸರಿಯಾಗಿ ಮಾಡಿದ ಕೊಂಚಾ ಕೂಡ ಎರಡನೇ ದಿನ ಮೊದಲಿನಂತೆ ಇರುವುದಿಲ್ಲ. ಅದನ್ನು ದೋಷ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿನ ಮನೆಗಳಲ್ಲಿ ಅದನ್ನು ಬಿಸಿ ಚಾಕೊಲೇಟಿಗೋ, ಕಫೆ ದೆ ಒಯ್ಯಾಗೋ ಅದ್ದಿ ತಿನ್ನುತ್ತಾರೆ. ಕಫೆ ದೆ ಒಯ್ಯಾ ಅಂದರೆ ಮಣ್ಣಿನ ಮಡಕೆಯಲ್ಲಿ ಚಕ್ಕೆ ಮತ್ತು ಪಿಲೊನ್ಸಿಯೊ ಹಾಕಿ ಕಾಯಿಸಿದ ಕಾಫಿ. ಪಿಲೊನ್ಸಿಯೊ ಅವರ ಬೆಲ್ಲ, ಅಚ್ಚು ಬೆಲ್ಲದ ಹಾಗೇ ಇರುತ್ತದೆ. ಇನ್ನೂ ಗಟ್ಟಿಯಾದರೆ ಹಾಲು, ಮೊಟ್ಟೆ, ಸಕ್ಕರೆ ಕದಡಿದ್ದರಲ್ಲಿ ಚೂರು ಮಾಡಿ ನೆನೆಸಿ ಬೇಯಿಸುತ್ತಾರೆ, ಅದಕ್ಕೆ ಬುದೀನ್ ಅನ್ನುತ್ತಾರೆ. ಚಿಪ್ಪು ಕಳಚಿದ ನನ್ನ ಮೊದಲ ಬನ್ನುಗಳೆಲ್ಲ ಆ ಪಾತ್ರೆಗೇ ಹೋದವು. ಚಿಪ್ಪುಗಳನ್ನು ಪುಡಿ ಮಾಡಿ ಮೇಲೆ ಉದುರಿಸಿದ್ದೆ.